ವೈಜ್ಞಾನಿಕ ಹಸ್ತಪ್ರತಿಗಳಲ್ಲಿ ಉಲ್ಲೇಖ ಮತ್ತು ಆಕರಸೂಚಿ

ಸಂಶೋಧನ ಲೇಖನದಲ್ಲಿ ಬೇರೆಯವರ ಫಲಿತಾಂಶ, ವಿಧಾನ ಅಥವಾ ವಾದವನ್ನು ಬಳಸಿಕೊಂಡ ಕಡೆಯಲ್ಲೇ ಅದರ ಮೂಲವನ್ನು ಚಿಕ್ಕದಾಗಿ ಸೂಚಿಸುವುದು ಉಲ್ಲೇಖ. ಹಾಗೆ ಸೂಚಿಸಿದ ಮೂಲಗಳ ಪೂರ್ಣ ವಿವರವನ್ನು ಲೇಖನದ ಕೊನೆಯಲ್ಲಿ ಒಟ್ಟಿಗೆ ಕೊಡುವ ಪಟ್ಟಿ ಆಕರಸೂಚಿ. ಕಾಲೇಜು, ಪ್ರಯೋಗಾಲಯಗಳ ಮಾತಿನಲ್ಲಿ ಎರಡಕ್ಕೂ ‘ರೆಫರೆನ್ಸ್’ ಎಂಬ ಒಂದೇ ಹೆಸರು. ಕನ್ನಡ ಪುಸ್ತಕಗಳ ಕೊನೆಯಲ್ಲಿ ಕಾಣುವ ‘ಗ್ರಂಥಋಣ’ ಇದಕ್ಕಿಂತ ಸಡಿಲವಾದದ್ದು. ಓದಿ ಪ್ರಯೋಜನ ಪಡೆದ ಪುಸ್ತಕಗಳೆಲ್ಲ ಅಲ್ಲಿ ಸೇರಬಹುದು. ವಿಜ್ಞಾನ ನಿಯತಕಾಲಿಕೆಗಳಲ್ಲಿ ಆ ಸಲಿಗೆ ಇಲ್ಲ. ಬರಹದಲ್ಲಿ ಉಲ್ಲೇಖವಾದದ್ದೆಲ್ಲ ಪಟ್ಟಿಯಲ್ಲಿರಬೇಕು, ಪಟ್ಟಿಯಲ್ಲಿರುವುದೆಲ್ಲ ಬರಹದಲ್ಲಿ ಉಲ್ಲೇಖವಾಗಿರಬೇಕು.

ಋಣ ಒಪ್ಪಿಕೊಳ್ಳುವುದು ಆಕರಸೂಚಿಯ ಒಂದು ಕೆಲಸ ಮಾತ್ರ. ಓದುಗ ಆ ಮೂಲವನ್ನು ಹುಡುಕಿ ತೆಗೆದು, ಲೇಖಕ ಹೇಳಿದ್ದು ನಿಜವಾಗಿ ಅಲ್ಲಿದೆಯೇ ಎಂದು ನೋಡಲು ಆಗಬೇಕು ಎಂಬುದು ಅದಕ್ಕಿಂತ ದೊಡ್ಡ ಕೆಲಸ. ಅಲ್ಪವಿರಾಮ, ಆವರಣ, ದಪ್ಪಕ್ಷರ, ಓರೆಯಕ್ಷರಗಳ ನಿಯಮಗಳು ಈ ಅನುಕೂಲಕ್ಕಾಗಿ ಹುಟ್ಟಿದವು. ಆದರೆ ಅಲ್ಪವಿರಾಮ ತಪ್ಪಿದ್ದರಿಂದ ಮೂಲ ಕೈತಪ್ಪುವುದು ಅಪರೂಪ. ಕೈತಪ್ಪುವುದು ಹೆಸರು, ಊರು, ವರ್ಷ, ಸಂಪುಟ, ಪುಟ ತಪ್ಪಿದಾಗ. ಕರ್ನಾಟಕದ ಲೇಖಕರಿಗೆ ತೊಡಕು ಎದುರಾಗುವುದು ಹೆಚ್ಚಾಗಿ ಮೊದಲಿನ ಎರಡರಲ್ಲಿ. ಶೈಲಿ ಕೈಪಿಡಿಗಳು ಕೊನೆಯ ಮೂರರ ಬಗ್ಗೆ ವಿವರವಾಗಿ ಹೇಳುತ್ತವೆ, ಮೊದಲಿನ ಎರಡರ ಬಗ್ಗೆ ಕಡಿಮೆ.

ಶಾಸನದಿಂದ ಡಿಓಐವರೆಗೆ

ಪಂಪಭಾರತದ ಪದ್ಯವೊಂದನ್ನು ಉದಾಹರಿಸುವ ಕನ್ನಡ ವಿದ್ವಾಂಸರು ಸಾಮಾನ್ಯವಾಗಿ ಪುಟಸಂಖ್ಯೆ ಹೇಳುವುದಿಲ್ಲ. ಆಶ್ವಾಸ ಮತ್ತು ಪದ್ಯದ ಸಂಖ್ಯೆ ಹೇಳುತ್ತಾರೆ. ಓದುಗನ ಕೈಯಲ್ಲಿ ಯಾವ ಮುದ್ರಣ ಇದ್ದರೂ ಪದ್ಯ ಸಿಗುತ್ತದೆ. ಗುರುತನ್ನು ಪುಸ್ತಕದ ಪ್ರತಿಗೆ ಕಟ್ಟದೆ ಕೃತಿಗೇ ಕಟ್ಟುವ ಈ ಕೆಲಸವನ್ನು, ಲೇಖನಕ್ಕೆ ಇಂದು ಕೊಡುವ ಶಾಶ್ವತ ಗುರುತಾದ ಡಿಓಐ ಸಂಖ್ಯೆ ಬೇರೆ ರೀತಿಯಲ್ಲಿ ಮಾಡುತ್ತಿದೆ.

ಶಾಸನಗಳ ಉಲ್ಲೇಖದಲ್ಲಿ ಇದಕ್ಕೆ ವಿರುದ್ಧವಾದ ಅನುಭವವಿದೆ. ದಾವಣಗೆರೆ ಜಿಲ್ಲೆ ಅದಕ್ಕೆ ಒಳ್ಳೆಯ ಮಾದರಿ. ಬಿ.ಎಲ್. ರೈಸ್ 1886ರಿಂದ ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳಲ್ಲಿ ಶಾಸನಗಳನ್ನು ಜಿಲ್ಲೆಗೊಂದು ಸಂಪುಟ, ತಾಲ್ಲೂಕಿಗೊಂದು ಸಂಖ್ಯಾಮಾಲೆ ಎಂಬ ಕ್ರಮದಲ್ಲಿ ಜೋಡಿಸಲಾಯಿತು. ಆ ಕಾಲದಲ್ಲಿ ದಾವಣಗೆರೆ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಆದ್ದರಿಂದ ಅದರ ಶಾಸನಗಳು 11ನೆಯ ಸಂಪುಟದಲ್ಲಿವೆ. ಹೊಯ್ಸಳರ ದಂಡನಾಯಕ ಪೋಲಾಳ್ವ 13ನೆಯ ಶತಮಾನದಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಶಾಸನಗಳನ್ನು ‘ಹರಿಹರ’ ಎಂಬ ಹೆಸರಿನಡಿ ಹುಡುಕಿದರೆ ಸಿಗುವುದಿಲ್ಲ, ಅವು ದಾವಣಗೆರೆ ತಾಲ್ಲೂಕಿನ ಸಂಖ್ಯೆಗಳಲ್ಲಿ ಸೇರಿವೆ. ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಆಗ ಶಿವಮೊಗ್ಗದಿಂದ ಬಂದು ಸೇರಿದ ಚನ್ನಗಿರಿ, ಹೊನ್ನಾಳಿಗಳ ಶಾಸನಗಳು 7ನೆಯ ಸಂಪುಟದಲ್ಲಿವೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಪರಿಷ್ಕೃತ ಸಂಪುಟಗಳನ್ನು ತರತೊಡಗಿದ ಮೇಲೆ ಸಂಪುಟಗಳ ಕ್ರಮವೂ ಶಾಸನಗಳ ಸಂಖ್ಯೆಯೂ ಬದಲಾದವು. ‘ಎ.ಕ. 7’ ಎಂದಷ್ಟೇ ಬರೆದರೆ ಅದು ರೈಸರ 7ನೆಯ ಸಂಪುಟವೋ ಪರಿಷ್ಕೃತ ಮಾಲೆಯ 7ನೆಯ ಸಂಪುಟವೋ ತಿಳಿಯುವುದಿಲ್ಲ. ಆವೃತ್ತಿಯನ್ನು ನಮೂದಿಸಬೇಕೆಂಬ ನಿಯಮ ಬರಿಯ ಶಾಸ್ತ್ರವಲ್ಲ ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ. ಚನ್ನಗಿರಿ ತಾಲ್ಲೂಕಿನ ಹಿರೇಕೋಗಲೂರಿನಲ್ಲಿ ಹುಟ್ಟಿದ ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ (1966) ಇಂಥ ಸಂಪುಟ–ತಾಲ್ಲೂಕು–ಸಂಖ್ಯೆಗಳ ಆಧಾರದ ಮೇಲೆಯೇ ನಿಂತ ಗ್ರಂಥ. ಅದನ್ನು ಹಿಂಬಾಲಿಸಿ ಮೂಲ ಶಾಸನಕ್ಕೆ ಹೋಗಬಯಸುವ ವಿದ್ಯಾರ್ಥಿಗೆ ಹಳೆಯ ಆಡಳಿತ ನಕ್ಷೆಯೊಂದು ಜೊತೆಗಿದ್ದರೆ ಅನುಕೂಲ.

ವಿಜ್ಞಾನದಲ್ಲಿ ಲೇಖಕನ ಹೆಸರು ಮತ್ತು ವರ್ಷವನ್ನು ಆವರಣದಲ್ಲಿ ಕೊಡುವ ಪದ್ಧತಿಯನ್ನು ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಲಾರೆನ್ಸ್ ಮಾರ್ಕ್ ಅವರಿಗೆ ಸಲ್ಲಿಸುವುದು ವಾಡಿಕೆ. ತೋಟದ ಗೊಂಡೆಹುಳುವಿನ ಜಾತಿಯೊಂದನ್ನು ಕುರಿತು 1881ರಲ್ಲಿ ಪ್ರಕಟವಾದ ಅವರ ಪ್ರಬಂಧದಲ್ಲಿ ಇದು ಕಾಣಿಸಿಕೊಂಡಿತು. ಇದಕ್ಕೆ ಹಾರ್ವರ್ಡ್ ಪದ್ಧತಿ ಎಂಬ ಹೆಸರು ನಿಂತಿತಾದರೂ ಅದನ್ನು ಕಾಯುವ ಅಧಿಕೃತ ಕೈಪಿಡಿ ಯಾವುದೂ ಇಲ್ಲ. ‘ಹಾರ್ವರ್ಡ್ ಶೈಲಿಯಲ್ಲಿ ಕಳುಹಿಸಿ’ ಎಂದ ಪತ್ರಿಕೆಯ ಇತ್ತೀಚಿನ ಸಂಚಿಕೆಯನ್ನು ತೆರೆದು ನೋಡದೆ ಗತ್ಯಂತರವಿಲ್ಲ. ಅಮೆರಿಕದ ಮನೋವಿಜ್ಞಾನ ಸಂಘ 1929ರಲ್ಲಿ ಏಳು ಪುಟಗಳ ಸೂಚನೆಯಾಗಿ ಆರಂಭಿಸಿದ್ದು ಬೆಳೆದು ಎಪಿಎ ಕೈಪಿಡಿಯಾಯಿತು. ಅದರ 7ನೆಯ ಆವೃತ್ತಿ 2019ರಲ್ಲಿ ಬಂದಿತು; ಪ್ರಕಾಶಕರ ಊರನ್ನು ಕೊಡುವ ಹಳೆಯ ರೂಢಿಯನ್ನು ಆ ಆವೃತ್ತಿ ಕೈಬಿಟ್ಟಿದೆ. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಸಣ್ಣ ಗುಂಪೊಂದು 1978ರಲ್ಲಿ ಕೆನಡಾದ ವ್ಯಾಂಕೋವರ್ ನಗರದಲ್ಲಿ ಸೇರಿ, ಒಂದೇ ಹಸ್ತಪ್ರತಿಯನ್ನು ಪತ್ರಿಕೆಯಿಂದ ಪತ್ರಿಕೆಗೆ ಮತ್ತೆ ಮತ್ತೆ ಟೈಪ್ ಮಾಡಿಸುವ ಹಿಂಸೆಯನ್ನು ತಪ್ಪಿಸಲು ಸಮಾನ ನಿಯಮಗಳನ್ನು ರೂಪಿಸಿತು. ಉಲ್ಲೇಖಗಳಿಗೆ ಮೊದಲು ಕಾಣಿಸಿಕೊಂಡ ಕ್ರಮದಲ್ಲಿ ಅಂಕಿ ಕೊಡುವ ವ್ಯಾಂಕೋವರ್ ಶೈಲಿಯ ಹೆಸರು ಅಲ್ಲಿಂದ ಬಂದದ್ದು. ಆ ಗುಂಪೇ ಮುಂದೆ ವೈದ್ಯಕೀಯ ಪತ್ರಿಕಾ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯಾಯಿತು.

ಭಾರತದಲ್ಲಿ ಈ ವಿಷಯಕ್ಕೆ ಶಾಸ್ತ್ರೀಯ ನೆಲೆ ಕೊಟ್ಟವರಲ್ಲಿ ಮುಖ್ಯರು ಎಸ್.ಆರ್. ರಂಗನಾಥನ್. ತಮಿಳುನಾಡಿನ ಶೀಯಾಳಿಯವರಾದ ಅವರು ಬೆಂಗಳೂರಿನಲ್ಲಿ ನೆಲೆಸಿ, 1962ರಲ್ಲಿ ದಾಖಲೀಕರಣ ಸಂಶೋಧನ ಮತ್ತು ತರಬೇತಿ ಕೇಂದ್ರವನ್ನು ಆರಂಭಿಸಿ, 1972ರಲ್ಲಿ ಇಲ್ಲೇ ತೀರಿಕೊಂಡರು. ಭಾರತೀಯ ಮಾನಕ ಸಂಸ್ಥೆಯ ದಾಖಲೀಕರಣ ಸಮಿತಿಯನ್ನು ಮುನ್ನಡೆಸಿದವರೂ ಅವರೇ. ಗ್ರಂಥ ಉಲ್ಲೇಖಗಳಿಗೆ ಐಎಸ್ 2381 ಎಂಬ ಭಾರತೀಯ ಮಾನಕವೇ ಇದೆ. ಪಾಲಿಸುವ ಪತ್ರಿಕೆಗಳು ಮಾತ್ರ ಕಡಿಮೆ.

ಒಂದೇ ಲೇಖನ, ಹಲವು ವೇಷ

ಶೈಲಿಗಳ ವ್ಯತ್ಯಾಸ ತಿಳಿಯಲು ನಿಜವಾದ ಒಂದು ಲೇಖನವನ್ನು ತೆಗೆದುಕೊಳ್ಳುವುದು ಮೇಲು. ‘ಹಸುರು ಹೊನ್ನು’ ಕೃತಿಯ ಲೇಖಕರೆಂದು ಕನ್ನಡಿಗರಿಗೆ ಗೊತ್ತಿರುವ ಬಿ.ಜಿ.ಎಲ್. ಸ್ವಾಮಿ ವೃತ್ತಿಯಿಂದ ಸಸ್ಯವಿಜ್ಞಾನಿ. ಹಾರ್ವರ್ಡ್‌ನಲ್ಲಿ ಐ.ಡಬ್ಲ್ಯು. ಬೈಲಿ ಅವರೊಡನೆ ಮಾಡಿದ ಕೆಲಸದಿಂದ ದ್ವಿದಳ ಸಸ್ಯಗಳ ಹೂವಿನ ಕಾರ್ಪೆಲ್ ಭಾಗವನ್ನು ಕುರಿತ ಲೇಖನವೊಂದು ‘ಅಮೆರಿಕನ್ ಜರ್ನಲ್ ಆಫ್ ಬಾಟನಿ’ಯ 38ನೆಯ ಸಂಪುಟದಲ್ಲಿ, 1951ರಲ್ಲಿ, 373ರಿಂದ 379ನೆಯ ಪುಟಗಳಲ್ಲಿ ಪ್ರಕಟವಾಯಿತು. ಸಸ್ಯವಿಜ್ಞಾನಿಗಳು ಇಂದಿಗೂ ಉಲ್ಲೇಖಿಸುವ ಲೇಖನ ಅದು.

ವ್ಯಾಂಕೋವರ್ ಶೈಲಿಯಲ್ಲಿ ಅದು ಹೀಗೆ ನಿಲ್ಲುತ್ತದೆ: ಬೈಲಿ ಐಡಬ್ಲ್ಯು, ಸ್ವಾಮಿ ಬಿಜಿಎಲ್; ಆಮೇಲೆ ಲೇಖನದ ಶೀರ್ಷಿಕೆ; ಆಮ್ ಜೆ ಬಾಟ್; ಕೊನೆಗೆ 1951;38:373-9. ಹೆಸರಿನ ಮೊದಲಕ್ಷರಗಳ ನಡುವೆ ಚುಕ್ಕಿ ಇಲ್ಲ, ಜಾಗ ಇಲ್ಲ. ಕೊನೆಯ ಪುಟದ ಸಂಖ್ಯೆಯಲ್ಲಿ ಪುನರಾವರ್ತನೆಯಾಗುವ ಅಂಕಿಗಳು ಇಲ್ಲ. ಸಂಪುಟದುದ್ದಕ್ಕೂ ಪುಟಸಂಖ್ಯೆ ಮುಂದುವರಿದಿದ್ದರೆ ಸಂಚಿಕೆಯ ಸಂಖ್ಯೆಯನ್ನು ಬಿಡಬಹುದು. ಆರಕ್ಕಿಂತ ಹೆಚ್ಚು ಲೇಖಕರಿದ್ದರೆ ಮೊದಲ ಆರು ಹೆಸರು ಕೊಟ್ಟು ‘ಮತ್ತಿತರರು’ ಎನ್ನುವುದು ವಾಡಿಕೆ. ಎಪಿಎಯಲ್ಲಿ ಇಪ್ಪತ್ತು ಹೆಸರುಗಳವರೆಗೆ ಎಲ್ಲವನ್ನೂ ಬರೆಯಬೇಕು. ವರ್ಷ ಲೇಖಕರ ಹೆಸರಿನ ಹಿಂದೆಯೇ ಆವರಣದಲ್ಲಿ ಬರುತ್ತದೆ. ಪತ್ರಿಕೆಯ ಹೆಸರನ್ನು ಮೊಟಕು ಮಾಡುವಂತಿಲ್ಲ.

ಬೆಂಗಳೂರಿನ ಪತ್ರಿಕೆಗಳಿಗೂ ತಮ್ಮ ತಮ್ಮ ನಡೆ ಇದೆ. 1932ರಲ್ಲಿ ಆರಂಭವಾದ ‘ಕರೆಂಟ್ ಸೈನ್ಸ್’ ಮೇಲೇರಿಸಿದ ಅಂಕಿಗಳನ್ನು ಬಳಸುತ್ತದೆ. ಪಟ್ಟಿಯಲ್ಲಿ ಪತ್ರಿಕೆಯ ಹೆಸರು, ವರ್ಷ, ದಪ್ಪಕ್ಷರದಲ್ಲಿ ಸಂಪುಟ, ಪುಟ ಎಂಬ ಕ್ರಮ. ಸಿ.ವಿ. ರಾಮನ್ 1934ರಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ‘ಜರ್ನಲ್ ಆಫ್ ಬಯೋಸೈನ್ಸಸ್’ ಹೆಸರು–ವರ್ಷ ಪದ್ಧತಿಯದು, ವರ್ಷಕ್ಕೆ ಆವರಣವೂ ಹಾಕದಷ್ಟು ಮಿತವ್ಯಯದ್ದು. ಅದೇ ಅಕಾಡೆಮಿಯ ಭೌತವಿಜ್ಞಾನ ಪತ್ರಿಕೆ ‘ಪ್ರಮಾಣ’ದಲ್ಲಿ ಚೌಕ ಆವರಣದೊಳಗೆ ಅಂಕಿ. ಸದಾಶಿವನಗರದ ಒಂದೇ ರಸ್ತೆಯಿಂದ ಹೊರಡುವ ಮೂರು ಪತ್ರಿಕೆಗಳಿಗೆ ಮೂರು ಸಂಪ್ರದಾಯ. ಇದನ್ನು ಅಸಂಗತ ಎಂದು ನಗಬಹುದು. ಆದರೆ ಒಂದೊಂದು ವಿಜ್ಞಾನ ಶಾಖೆಯ ಓದುವ ಅಭ್ಯಾಸ ಒಂದೊಂದು ಬಗೆ. ಸಸ್ಯವಿಜ್ಞಾನಿಗೆ ‘ಬೈಲಿ ಮತ್ತು ಸ್ವಾಮಿ 1951’ ಎಂದ ಕೂಡಲೇ ಲೇಖನ ನೆನಪಾಗುತ್ತದೆ. ನೂರಾರು ಉಲ್ಲೇಖಗಳ ವೈದ್ಯಕೀಯ ವಿಮರ್ಶಾ ಲೇಖನದಲ್ಲಿ ಸಾಲುಸಾಲು ಹೆಸರು ಓದಿನ ದಾರಿಗೆ ಅಡ್ಡ.

ದಾವಣಗೆರೆಯಲ್ಲೇ ಈ ಭಿನ್ನತೆ ಕಣ್ಣಿಗೆ ಬೀಳುತ್ತದೆ. ಜೆ.ಜೆ.ಎಂ. ವೈದ್ಯಕೀಯ ಕಾಲೇಜು (1965) ಮತ್ತು ದಂತ ವೈದ್ಯಕೀಯ ಕಾಲೇಜುಗಳ ಕ್ಷೇತ್ರದಲ್ಲಿ ವ್ಯಾಂಕೋವರ್ ಮೇಲುಗೈ; 1951ರ ಯು.ಬಿ.ಡಿ.ಟಿ. ಮತ್ತು ಬಾಪೂಜಿ ಎಂಜಿನಿಯರಿಂಗ್ ಕಾಲೇಜುಗಳ ಕ್ಷೇತ್ರದಲ್ಲಿ ಐಟ್ರಿಪಲ್‌ಇ ಶೈಲಿಯ ಚೌಕ ಆವರಣದ ಅಂಕಿ; ತೋಳಹುಣಸೆಯ ಶಿವಗಂಗೋತ್ರಿಯಲ್ಲಿರುವ ವಿಶ್ವವಿದ್ಯಾನಿಲಯದ ವಾಣಿಜ್ಯ, ಶಿಕ್ಷಣ ವಿಭಾಗಗಳ ಕ್ಷೇತ್ರದಲ್ಲಿ ಎಪಿಎ. ಒಂದು ಊರಿನ ಮೂವರು ಸ್ನೇಹಿತರು ಒಬ್ಬರ ಪಟ್ಟಿಯನ್ನು ಇನ್ನೊಬ್ಬರು ನಕಲು ಮಾಡಿದರೆ ಮೂರೂ ಹಸ್ತಪ್ರತಿ ತಿರುಗಿ ಬರುತ್ತವೆ.

ಇನಿಷಿಯಲ್‌ಗಳ ಸಮಸ್ಯೆ

ಮೇಲಿನ ಎಲ್ಲ ಶೈಲಿಗಳೂ ಲೇಖಕನಿಗೆ ಒಂದು ಕುಲನಾಮ ಇದೆ, ಅದು ತಂದೆಯಿಂದ ಮಕ್ಕಳಿಗೆ ಬರುತ್ತದೆ ಎಂದು ಭಾವಿಸಿ ಹೊರಟವು. ಕನ್ನಡನಾಡಿನ ಹೆಸರುಗಳಲ್ಲಿ ಬಹುಪಾಲು ಹಾಗಿಲ್ಲ. ಬಿ.ಜಿ.ಎಲ್. ಸ್ವಾಮಿಯವರ ತಂದೆ ಡಿ.ವಿ. ಗುಂಡಪ್ಪ. ತಂದೆಯ ‘ಡಿ’ ದೇವನಹಳ್ಳಿ, ಮಗನ ‘ಬಿ’ ಬೆಂಗಳೂರು. ಮಗನ ‘ಜಿ’ ತಂದೆಯ ಸ್ವಂತ ಹೆಸರು. ಆಕರಸೂಚಿಯ ಅಕಾರಾದಿಯಲ್ಲಿ ತಂದೆ ಗುಂಡಪ್ಪ ಎಂಬಲ್ಲಿ, ಮಗ ಸ್ವಾಮಿ ಎಂಬಲ್ಲಿ. ಯು.ಆರ್. ರಾವ್ ಅವರ ‘ಯು’ ಉಡುಪಿ, ಎಂ.ಎನ್. ಶ್ರೀನಿವಾಸ್ ಅವರ ‘ಎಂ’ ಮೈಸೂರು; ರಂಗನಾಥನ್ ಅವರ ‘ಎಸ್’ ಕೂಡ ಊರೇ.

ದಾವಣಗೆರೆ–ಚಿತ್ರದುರ್ಗ ಹೆದ್ದಾರಿಯ ಮೇಲಿರುವ ಹೋಬಳಿ ಕೇಂದ್ರ ಆನಗೋಡಿನ ಯುವಕನೊಬ್ಬನನ್ನು ಊಹಿಸಿಕೊಳ್ಳೋಣ. ಊರು ಆನಗೋಡು, ತಂದೆ ಮಲ್ಲಪ್ಪ, ಅವನು ಶಿವಕುಮಾರ. ಶಾಲೆಯ ದಾಖಲೆಯಲ್ಲಿ ಎ.ಎಂ. ಶಿವಕುಮಾರ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆದು ಶಿವಕುಮಾರ ಆನಗೋಡು ಮಲ್ಲಪ್ಪ. ಮೊದಲ ಲೇಖನವನ್ನು ಪತ್ರಿಕೆಯ ಜಾಲತಾಣದಲ್ಲಿ ಸಲ್ಲಿಸುವಾಗ ‘ಕೊನೆಯ ಹೆಸರು’ ಎಂಬ ಖಾಲಿ ಜಾಗ ಎದುರಾಗುತ್ತದೆ. ತುಂಬದೆ ಮುಂದೆ ಹೋಗುವಂತಿಲ್ಲ. ಪಾಸ್‌ಪೋರ್ಟಿನ ಪ್ರಕಾರ ತುಂಬಿದರೆ ಮುಂದಿನವರು ಅವನನ್ನು ‘ಮಲ್ಲಪ್ಪ ಎಸ್‌ಎ’ ಎಂದು ಉಲ್ಲೇಖಿಸುತ್ತಾರೆ. ಎರಡನೆಯ ಲೇಖನದಲ್ಲಿ ಅವನು ‘ಶಿವಕುಮಾರ ಎಎಂ’. ಸಹಲೇಖಕರು ಸಲ್ಲಿಸಿದ ಮೂರನೆಯದರಲ್ಲಿ ‘ಎಎಂ ಎಸ್’. ಉಲ್ಲೇಖ ಸೂಚಿಗಳ ಲೆಕ್ಕದಲ್ಲಿ ಇವರು ಮೂರು ಜನ, ಅವರಲ್ಲೊಬ್ಬ ಅವನ ತಂದೆ. ಮದುವೆಯ ನಂತರ ತಂದೆಯ ಇನಿಷಿಯಲ್ ಬಿಟ್ಟು ಗಂಡನ ಇನಿಷಿಯಲ್ ಹಾಕಿಕೊಳ್ಳುವ ಹೆಣ್ಣುಮಕ್ಕಳ ಹಳೆಯ ಲೇಖನಗಳು ಇನ್ನೂ ಸುಲಭವಾಗಿ ಕಳೆದುಹೋಗುತ್ತವೆ.

ಗ್ರಂಥಪಾಲಕರು ಇದನ್ನು ಹಿಂದೆಯೇ ಅರ್ಥಮಾಡಿಕೊಂಡಿದ್ದರು. 1978ರ ಆಂಗ್ಲೋ-ಅಮೆರಿಕನ್ ಗ್ರಂಥಸೂಚಿ ನಿಯಮಾವಳಿಯ ಎರಡನೆಯ ಆವೃತ್ತಿಯಲ್ಲಿ ಕನ್ನಡ, ತಮಿಳು, ತೆಲುಗು, ಮಲಯಾಳಂ ಹೆಸರುಗಳಿಗೆಂದೇ ಒಂದು ನಿಯಮವಿದೆ: ಕುಲನಾಮ ಇಲ್ಲದಿದ್ದರೆ ಸ್ವಂತ ಹೆಸರನ್ನೇ ಮುಂದಿಡಬೇಕು, ಊರು ಮತ್ತು ತಂದೆಯ ಹೆಸರು ಅದರ ಹಿಂದೆ ಬರಬೇಕು. ಶೈಲಿ ಕೈಪಿಡಿಗಳು ಇದರಿಂದ ಹೆಚ್ಚು ಕಲಿತಂತಿಲ್ಲ. ಲೇಖಕ ತಾನೇ ಮಾಡಬಹುದಾದದ್ದೆಂದರೆ ಮೊದಲ ಲೇಖನಕ್ಕೆ ಮುಂಚೆಯೇ ಒಂದು ರೂಪವನ್ನು ಆಯ್ದು, ನಿವೃತ್ತಿಯವರೆಗೆ ಅದನ್ನು ಬಿಡದಿರುವುದು. ಜೊತೆಗೆ ಆರ್ಕಿಡ್ ಎಂಬ 16 ಅಂಕಿಗಳ ಗುರುತು ಪಡೆಯುವುದು. 2012ರಲ್ಲಿ ಬಂದ ಈ ವ್ಯವಸ್ಥೆ ಉಚಿತ. ಹೆಸರು ಹೇಗೆ ಬದಲಾದರೂ ಲೇಖನಗಳು ಒಬ್ಬರ ಖಾತೆಯಲ್ಲೇ ಉಳಿಯುತ್ತವೆ.

ಊರಿನ ಹೆಸರಿಗೂ ಇದೇ ಗತಿ. ದಾವಣಗೆರೆ ನಗರದ ಹೆಸರನ್ನು ಇಂಗ್ಲಿಷಿನಲ್ಲಿ ನಡುವಿನ ‘ಣ’ಕ್ಕೆ ಅಕಾರ ಸೇರಿಸಿ ಬರೆಯುವವರಿದ್ದಾರೆ, ಬಿಟ್ಟು ಬರೆಯುವವರೂ ಇದ್ದಾರೆ, ವಿಶ್ವವಿದ್ಯಾನಿಲಯದ ಹೆಸರಿನಲ್ಲಿ ಅದು ಇಲ್ಲ. ಶಿವಗಂಗೋತ್ರಿಯ ಸ್ನಾತಕೋತ್ತರ ಕೇಂದ್ರ 1979ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ ಆರಂಭವಾಗಿ, 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾನಿಲಯಕ್ಕೆ ಸೇರಿ, 2009ರಲ್ಲಿ ಸ್ವತಂತ್ರ ವಿಶ್ವವಿದ್ಯಾನಿಲಯವಾಯಿತು. ಆದ್ದರಿಂದ ಅಲ್ಲಿಯೇ ಕುಳಿತು ಬರೆದ 2005ರ ಪಿಎಚ್.ಡಿ. ಪ್ರಬಂಧವನ್ನು ಉಲ್ಲೇಖಿಸುವಾಗ ಪದವಿ ಕೊಟ್ಟ ಸಂಸ್ಥೆಯಾಗಿ ಕುವೆಂಪು ವಿಶ್ವವಿದ್ಯಾನಿಲಯದ ಹೆಸರನ್ನೇ ಬರೆಯಬೇಕು.

ಪತ್ರಿಕೆ ಅಲ್ಲದ ಮೂಲಗಳು

ಆನಗೋಡು ಹೋಬಳಿಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಅಳೆದು ಲೇಖನ ಬರೆಯುವವರ ಆಕರಗಳಲ್ಲಿ ಪತ್ರಿಕಾ ಲೇಖನಗಳು ಅರ್ಧ ಇದ್ದರೆ ಹೆಚ್ಚು. ಕುಡಿಯುವ ನೀರಿನ ಮಾನಕ ಐಎಸ್ 10500 ಅನ್ನು ಹೇಳಲೇಬೇಕು. ಲೀಟರಿಗೆ 1.0 ಮಿಲಿಗ್ರಾಂ ಸ್ವೀಕಾರಾರ್ಹ ಮಿತಿ, ಬೇರೆ ಮೂಲ ಇಲ್ಲದಿದ್ದರೆ 1.5ರವರೆಗೆ ಎಂಬುದು 2012ರ ಆವೃತ್ತಿಯ ಮಾತು. ವರ್ಷವಿಲ್ಲದೆ ಮಾನಕವನ್ನು ಉಲ್ಲೇಖಿಸಿದರೆ ಯಾವ ಮಿತಿ ಎಂದು ತಿಳಿಯದು. ಇಲ್ಲಿ ಲೇಖಕರ ಸ್ಥಾನದಲ್ಲಿ ಭಾರತೀಯ ಮಾನಕ ಬ್ಯೂರೋ ನಿಲ್ಲುತ್ತದೆ. ಹೋಬಳಿ ಮಟ್ಟದ ಮಳೆಯ ಅಂಕಿ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ್ದು. ದತ್ತಾಂಶ ಬದಲಾಗುವ ಸಾಧ್ಯತೆ ಇರುವುದರಿಂದ ಪಡೆದ ದಿನಾಂಕ ಸೇರಿಸಬೇಕು. ಸರ್ಕಾರಿ ಆದೇಶಕ್ಕೆ ಇಲಾಖೆ, ಆದೇಶದ ಸಂಖ್ಯೆ, ದಿನಾಂಕ ಇದ್ದರೆ ಸಾಕು. ಪಿಎಚ್.ಡಿ. ಪ್ರಬಂಧ ‘ಶೋಧಗಂಗಾ’ ಜಾಲಭಂಡಾರದಲ್ಲಿ ಇದ್ದರೆ ಅದರ ಶಾಶ್ವತ ಕೊಂಡಿಯನ್ನು ಕೊಡುವುದು ಒಳ್ಳೆಯದು.

ತರಳಬಾಳು ಕೃಷಿ ವಿಜ್ಞಾನ ಕೇಂದ್ರದಂಥ ಸಂಸ್ಥೆಗಳ ಕನ್ನಡ ಕೈಪಿಡಿಯನ್ನು ಇಂಗ್ಲಿಷ್ ಲೇಖನದಲ್ಲಿ ಉಲ್ಲೇಖಿಸಲು ಹಿಂಜರಿಯುವವರು ಹಲವರು. ಹಿಂಜರಿಕೆಗೆ ಕಾರಣವಿಲ್ಲ. ಶೀರ್ಷಿಕೆಯನ್ನು ರೋಮನ್ ಲಿಪಿಗೆ ಇಳಿಸಿ, ಅದರ ಅರ್ಥವನ್ನು ಚೌಕ ಆವರಣದಲ್ಲಿ ಕೊಟ್ಟು, ಕನ್ನಡದಲ್ಲಿದೆ ಎಂದು ಸೂಚಿಸಿದರೆ ನಡೆಯುತ್ತದೆ. ದೀರ್ಘಸ್ವರ, ಮೂರ್ಧನ್ಯ ಅಕ್ಷರಗಳನ್ನು ಬೇರ್ಪಡಿಸಲು ಐಎಸ್ಓ 15919 ಎಂಬ ಲಿಪ್ಯಂತರ ಕ್ರಮವಿದೆ. ಕನ್ನಡದಲ್ಲೇ ಬರೆಯುವ ಲೇಖನಗಳಲ್ಲಿ ಬೇರೆ ತಾಪತ್ರಯ: ಹಳೆಯ ನುಡಿ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ ಪಟ್ಟಿ ಯುನಿಕೋಡ್ ತಂತ್ರಾಂಶದೊಳಗೆ ಹೋದ ಕೂಡಲೇ ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗುತ್ತದೆ. ಮೊದಲು ಪರಿವರ್ತಿಸಿ, ಆಮೇಲೆ ಅಕಾರಾದಿಗೆ ಜೋಡಿಸಬೇಕು.

ಊರಿನ ಹಿರಿಯ ರೈತ ಹೇಳಿದ ‘ಆ ಬಾವಿ ಹಿಂದೆ ಸಿಹಿನೀರಿಂದು’ ಎಂಬಂಥ ಮಾತಿಗೆ ವಿಜ್ಞಾನ ಪತ್ರಿಕೆಗಳು ಪಟ್ಟಿಯಲ್ಲಿ ಜಾಗ ಕೊಡುವುದಿಲ್ಲ. ‘ವೈಯಕ್ತಿಕ ಸಂವಹನ’ ಎಂದು ಬರಹದಲ್ಲಷ್ಟೇ ಸೂಚಿಸಿ ದಿನಾಂಕ ಹಾಕುತ್ತಾರೆ. ಕನ್ನಡ ಜಾನಪದ ಸಂಶೋಧನೆ ಈ ವಿಷಯದಲ್ಲಿ ಉದಾರ. ಅಲ್ಲಿ ಪ್ರಬಂಧದ ಕೊನೆಗೆ ವಕ್ತೃಗಳ ಪಟ್ಟಿಯೇ ಇರುತ್ತದೆ, ಹೆಸರು, ಊರು, ವಯಸ್ಸು ಸಹಿತ. ಅವರ ಒಪ್ಪಿಗೆ ಪಡೆದಿರಬೇಕು ಎನ್ನುವುದು ಎರಡೂ ಕಡೆ ಸಮಾನ.

ತಂತ್ರಾಂಶ ಮತ್ತು ತಪ್ಪುಗಳು

1985ರ ಬಿಬ್‌ಟೆಕ್‌ನಿಂದ 2006ರ ಜೊಟೆರೊವರೆಗೆ ಬಂದ ಸಾಧನಗಳು ವಿವರಗಳನ್ನು ಒಮ್ಮೆ ದಾಖಲಿಸಿಕೊಂಡರೆ ಯಾವ ಶೈಲಿಗೆ ಬೇಕಾದರೂ ಕ್ಷಣದಲ್ಲಿ ಬದಲಾಯಿಸುತ್ತವೆ. ಆದರೆ ದಾಖಲೆಯಲ್ಲಿ ‘ಮಲ್ಲಪ್ಪ ಎಸ್‌ಎ’ ಎಂದಿದ್ದರೆ ಎಲ್ಲ ಶೈಲಿಗಳಲ್ಲೂ ಅಚ್ಚುಕಟ್ಟಾಗಿ ಅದೇ ತಪ್ಪು ಬರುತ್ತದೆ. ಡಿಓಐ ಇದ್ದ ಕಡೆ ಅದನ್ನು ಒತ್ತಿ, ತೆರೆದ ಪುಟದೊಡನೆ ಹೋಲಿಸಿ ನೋಡುವುದು ಅತ್ಯಂತ ಅಗ್ಗದ ತಪಾಸಣೆ.

ಓದದೆ ಉಲ್ಲೇಖಿಸುವ ಚಾಳಿಯನ್ನು ತಪ್ಪುಗಳೇ ಬಯಲುಮಾಡುತ್ತವೆ. ಸಿಮ್ಕಿನ್ ಮತ್ತು ರಾಯ್‌ಚೌಧುರಿ ಎಂಬ ಇಬ್ಬರು ಸಂಶೋಧಕರು 2003ರಲ್ಲಿ, ಒಂದೇ ಮುದ್ರಣದೋಷ ಲೇಖನದಿಂದ ಲೇಖನಕ್ಕೆ ನಕಲಾಗುವ ರೀತಿಯನ್ನು ಆಧರಿಸಿ, ಉಲ್ಲೇಖಿಸುವವರಲ್ಲಿ ಸುಮಾರು ಶೇಕಡಾ 20 ಮಂದಿ ಮಾತ್ರ ಮೂಲವನ್ನು ಓದಿರುತ್ತಾರೆ ಎಂದು ಅಂದಾಜು ಮಾಡಿದರು. ಇದಕ್ಕಿಂತ ವಿಚಿತ್ರವಾದದ್ದು ಎಲ್ಸೆವಿಯರ್ ಪ್ರಕಾಶನದ ಲೇಖಕರ ಸೂಚನೆಯಲ್ಲಿ ಮಾದರಿಗೆಂದು ಕೊಟ್ಟಿದ್ದ, ‘ವೈಜ್ಞಾನಿಕ ಲೇಖನ ಬರೆಯುವ ಕಲೆ’ ಎಂಬರ್ಥದ ಶೀರ್ಷಿಕೆಯ ಕಾಲ್ಪನಿಕ ಲೇಖನದ ಕಥೆ. ಇಲ್ಲದ ಆ ಲೇಖನಕ್ಕೆ ಸುಮಾರು 400 ಉಲ್ಲೇಖಗಳು ಸೂಚಿಗಳಲ್ಲಿ ದಾಖಲಾಗಿರುವುದನ್ನು ಆನ್-ವಿಲ್ ಹಾರ್ಜಿಂಗ್ 2017ರಲ್ಲಿ ಬರೆದು ತೋರಿಸಿದರು. ಬಹುಪಾಲು ಲೇಖಕರು ಮಾದರಿಯ ಸಾಲನ್ನು ಅಳಿಸಲು ಮರೆತಿದ್ದರು. ಈಗ ಕೃತಕ ಬುದ್ಧಿಮತ್ತೆಯ ಸಾಧನಗಳು ನಿಜವಾದ ಪತ್ರಿಕೆ, ನಂಬುವಂಥ ಲೇಖಕರು, ಸರಿಯಾದ ಶೈಲಿ ಎಲ್ಲ ಇರುವ, ಲೇಖನ ಮಾತ್ರ ಇಲ್ಲದ ಆಕರಗಳನ್ನು ಹೆಣೆದು ಕೊಡುತ್ತಿವೆ. ರೂಪ ನೋಡಿ ಅವುಗಳನ್ನು ಹಿಡಿಯಲು ಆಗುವುದಿಲ್ಲ.

ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2018ರ ಕೃತಿಚೌರ್ಯ ನಿಯಮಾವಳಿ ಶೇಕಡಾ 10ರವರೆಗಿನ ಹೋಲಿಕೆಗೆ ದಂಡ ವಿಧಿಸುವುದಿಲ್ಲ, ಆಕರಸೂಚಿಯನ್ನು ಈ ಲೆಕ್ಕದಿಂದ ಹೊರಗಿಡುತ್ತದೆ. ಆದರೆ ಪಟ್ಟಿಗೆ ಸ್ಪಷ್ಟ ಶೀರ್ಷಿಕೆ ಇಲ್ಲದಿದ್ದರೆ ತಂತ್ರಾಂಶ ಅದನ್ನೂ ಎಣಿಸಿಬಿಡುವುದುಂಟು. ಹಿಂತೆಗೆದುಕೊಂಡ ಲೇಖನವನ್ನು ಉಲ್ಲೇಖಿಸಲೇಬೇಕಾದರೆ ಹಿಂತೆಗೆದ ಸಂಗತಿಯನ್ನು ಪಟ್ಟಿಯಲ್ಲೇ ಹೇಳಬೇಕು. ಜೊಟೆರೊ 2019ರಿಂದ ಅಂಥವನ್ನು ಕೆಂಪು ಗುರುತಿನಿಂದ ಎಚ್ಚರಿಸುತ್ತಿದೆ. ಹಲವು ಪ್ರಕಾಶಕರು ಈಗ ಮೊದಲ ಸಲ್ಲಿಕೆಗೆ ಯಾವ ಶೈಲಿಯಾದರೂ ಸರಿ ಎನ್ನುತ್ತಾರೆ, ಒಪ್ಪಿಗೆಯಾದ ಮೇಲೆ ಪತ್ರಿಕೆಯ ಶೈಲಿಗೆ ತರುವುದನ್ನು ತಾವೇ ನೋಡಿಕೊಳ್ಳುತ್ತಾರೆ. ಲೇಖಕರ ಹೆಸರು, ಶೀರ್ಷಿಕೆ, ಪತ್ರಿಕೆ, ವರ್ಷ, ಸಂಪುಟ, ಪುಟ ಅಥವಾ ಲೇಖನ ಸಂಖ್ಯೆ ಇವು ಪೂರ್ತಿಯಾಗಿರಬೇಕು, ಇಡೀ ಪಟ್ಟಿ ಒಂದೇ ರೀತಿಯಲ್ಲಿರಬೇಕು ಎಂಬ ಷರತ್ತನ್ನು ಮಾತ್ರ ಅವರು ಬಿಟ್ಟಿಲ್ಲ.